ಸೀಮೆಸುಣ್ಣದ ಮೇಲಿನ ಕಪ್ಪು ಗೆರೆ

ಹಳೆಯ ಬೈಕಿನ ಉಕ್ಕಿನ ಚೌಕಟ್ಟಾದ ಚಾಸಿಗೆ, ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಮಾಡಿಸುವ ದಿನ. ಬಿರುಕು ಇದೆಯೇ ಎಂದು ನೋಡಲು ಮೆಕ್ಯಾನಿಕ್ ನಬೀಸಾಬ ಹ್ಯಾಂಡಲ್ ಕೂರುವ ಅದರ ಕತ್ತಿನ ಬೆಸುಗೆಗೆ ಸೀಮೆಎಣ್ಣೆ ಸವರಿ ಒರೆಸಿದ. ಮೇಲೆ ಸೀಮೆಸುಣ್ಣ ತಿಕ್ಕಿ, ತುಂಡನ್ನು ಪಕ್ಕದಲ್ಲಿಟ್ಟು ಚಹಾಕ್ಕೆ ಹೋದ. ಬಿರುಕಿನಲ್ಲಿ ಉಳಿದಿದ್ದ ಎಣ್ಣೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಮೂಡಿತು.

“ನಿನ್ನ ಕತ್ತು ಸೀಳಿದೆ. ಮೊದಲು ಬೆಸುಗೆ ಹಾಕಿಸಿಕೋ,” ಎಂದಿತು ಸೀಮೆಸುಣ್ಣ.

“ಬಾಯಿ ಮುಚ್ಚು! ಸಿಂಗರಿಸಿಕೊಳ್ಳುವ ದಿನ ಅಪಶಕುನ ನುಡಿಯುತ್ತೀಯಾ?” ಎಂದ ಚಾಸಿ ಪಕ್ಕದ ಡಬ್ಬಿಯಲ್ಲಿದ್ದ ಪೌಡರಿನ ಕಡೆ ತಿರುಗಿತು. “ನೀನೇ ಹೇಳಣ್ಣ, ನೀನು ಗಟ್ಟಿಯಲ್ಲವೇ?”

“ಗಟ್ಟಿಯೇ. ಕಲ್ಲು ಸಿಡಿದರೆ ಚಕ್ಕೆ ಏಳುವುದಿಲ್ಲ, ಪೆಟ್ರೋಲ್ ಬಿದ್ದರೆ ಕರಗುವುದಿಲ್ಲ. ಆದರೆ ನಾನು ಹೊದಿಕೆ, ಮುರಿದದ್ದನ್ನು ಕೂಡಿಸುವವನಲ್ಲ. ಒಲೆಯಲ್ಲಿ ಬೆಂದು ಕೂತೆನೆಂದರೆ ನನ್ನ ಕೆಳಗಿನ ಬಿರುಕು ಯಾರಿಗೂ ಕಾಣುವುದಿಲ್ಲ.”

“ಅಷ್ಟು ಸಾಕು!” ಎಂದು ಚಾಸಿ ಮೈ ಕೊಡವಿ ಸುಣ್ಣದ ಪುಡಿಯನ್ನೆಲ್ಲ ಉದುರಿಸಿತು.

“ಎಷ್ಟು ಸಲ ಬಡಿದುಕೊಳ್ಳಲಿ? ನಿನ್ನ ಮೇಲೆ ಕೂರುವವನು ಪೋಸ್ಟ್‌ಮ್ಯಾನ್ ಈರಪ್ಪ. ಬೀಳುವವನೂ ಅವನೇ!” ಎಂದು ಸೀಮೆಸುಣ್ಣ ಕೂಗಿತು.

ನಬೀಸಾಬ ಬಂದು ನೋಡಿದ. ಗೆರೆ ಕಾಣಲಿಲ್ಲ. ಚಾಸಿ ಒಲೆಗೆ ಹೋಯಿತು.

ಎರಡೇ ತಿಂಗಳಲ್ಲಿ ಅದು ಎರಡು ತುಂಡಾಗಿ ಗ್ಯಾರೇಜಿಗೆ ಮರಳಿತು. ಈರಪ್ಪ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಮುರಿದ ಕತ್ತಿನ ಎರಡೂ ಕಡೆ ಪೌಡರ್ ಮಾತ್ರ ಹೊಸದರಂತೆ ಮಿನುಗುತ್ತಿತ್ತು.

“ನನಗೆ ಯಾರೂ ಹೇಳಲೇ ಇಲ್ಲವಲ್ಲ!” ಎಂದು ಚಾಸಿ ಅತ್ತಿತು.

ನಬೀಸಾಬ ಸೀಮೆಸುಣ್ಣವನ್ನು ಕೈಗೆತ್ತಿಕೊಂಡು, ಆ ಹೊಳೆಯುವ ಮೈಮೇಲೆ ದೊಡ್ಡಕ್ಷರದಲ್ಲಿ ಬರೆದ: ಗುಜರಿ.