ಬಡಗಿಯ ಎಣ್ಣೆಬಟ್ಟೆ

"ಗುರುಗಳೇ, ಹತ್ತು ಜನರನ್ನು ಕೇಳಿದರೆ ಹತ್ತು ಮಾತು ಹೇಳುತ್ತಾರೆ. ಯಾರ ಮಾತನ್ನು ಕೇಳಬೇಕು?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಚಿಕ್ಕಂದಿನಲ್ಲಿ ಗುರುಗಳ ಬಳಿ ಗಣಿತ ಕಲಿತವನು. ಈಗ ಫೋನಿನಲ್ಲಿ ಆಡುವ ಒಗಟಿನ ಆಟವೊಂದನ್ನು ಒಬ್ಬನೇ ಕೂತು ಕಟ್ಟಿದ್ದ. ಮೂರು ವರ್ಷ ಹಿಡಿದಿತ್ತು. ಪೂರ್ತಿ ಆಟ ಹೊರಬರುವ ಮೊದಲು ಅದರ ಆರು ಕೋಣೆಗಳನ್ನು ಡೆಮೊ ಎಂದು ಜನರ ಕೈಗೆ ಕೊಟ್ಟು, ಆಡಿ ನೋಡಿ ಅಭಿಪ್ರಾಯ ತಿಳಿಸಿ ಎಂದು ಕೇಳಿಕೊಂಡಿದ್ದ. ಬಂದ ಅಭಿಪ್ರಾಯಗಳನ್ನೆಲ್ಲ ಹಾಳೆಯ ಮೇಲೆ ಅಚ್ಚು ಹಾಕಿಸಿ ತಂದು ಗುರುಗಳ ಮುಂದೆ ಇಟ್ಟ.

"ನೋಡಿ. ಒಬ್ಬ ಸಂಗೀತ ಜೋರಾಯಿತು ಅನ್ನುತ್ತಾನೆ. ಇನ್ನೊಬ್ಬ ಸಂಗೀತವೇ ಕೇಳಿಸುವುದಿಲ್ಲ ಅನ್ನುತ್ತಾನೆ. ಒಬ್ಬರಿಗೆ ಇನ್ನಷ್ಟು ಬಣ್ಣ ಬೇಕು. ಒಬ್ಬರಿಗೆ ಕುದುರೆ ಬೇಕಂತೆ. ನನ್ನ ಆಟದಲ್ಲಿ ಕುದುರೆಗೆ ಏನು ಕೆಲಸ, ಗುರುಗಳೇ? 'ಅದ್ಭುತ' ಅಂತ ಬರೆದವನು ಎರಡನೆಯ ಕೋಣೆಯನ್ನೇ ದಾಟಿಲ್ಲ. ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಕುದುರೆಯನ್ನೂ ಹಾಕಿದೆ. ಆದರೂ ಜನ ಅರ್ಧಕ್ಕೇ ಎದ್ದು ಹೋಗುತ್ತಾರೆ."

"ಅರ್ಧಕ್ಕೆ ಎದ್ದು ಹೋದವರು ಏನು ಹೇಳುತ್ತಾರೆ?"

"ಅವರೇನು ಹೇಳುತ್ತಾರೆ? ಒಂದು ಸಾಲೂ ಬರೆಯುವುದಿಲ್ಲ. ಎಲ್ಲೆಲ್ಲಿ ಬೆರಳಿಟ್ಟರು, ಎಲ್ಲಿ ನಿಲ್ಲಿಸಿದರು ಅನ್ನುವ ಉದ್ದುದ್ದ ದಾಖಲೆ ಬಂದು ಬೀಳುತ್ತದೆ, ಅಷ್ಟೇ. ದಿನಾ ಸಂಜೆ ಅದನ್ನು ಅಳಿಸಿ ಚೊಕ್ಕಟ ಮಾಡುತ್ತೇನೆ. ಸಾಕಾಗಿಹೋಗಿದೆ. ಇನ್ನು ಹದಿನೈದು ದಿನ ನೋಡಿ ಆಟವನ್ನೇ ಕೈಬಿಡುತ್ತೇನೆ."

ಗುರುಗಳು ಹಾಳೆಗಳ ಅಂಚು ಸರಿಮಾಡಿ ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಅವನಿಗೆ ಒಬ್ಬಳೇ ಮಗಳು. ಒಗಟೆಂದರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಒಂದು ದಿನ ಅವಳು ಬೀಗವಿಲ್ಲದ, ಕೀಲಿಕೈ ಇಲ್ಲದ ಪೆಟ್ಟಿಗೆಯೊಂದನ್ನು ಯೋಚಿಸಿ ಅಪ್ಪನಿಗೆ ಹೇಳಿದಳು. ಅವಳು ಹೇಳಿದಂತೆ ಬಡಗಿ ಅದನ್ನು ಮಾಡತೊಡಗಿದ.

ಪೆಟ್ಟಿಗೆಗೆ ಮುಚ್ಚಳವಿರಲಿಲ್ಲ. ಅದನ್ನು ಮುಖ ಕೆಳಗೆ ಮಾಡಿ ಮಲಗಿಸಬೇಕು. ಆಗ ಒಳಗಿನ ಸಣ್ಣ ಬೆಣೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಬಳಿಕ ಹಿಂಬದಿಯ ಹಲಗೆಯನ್ನು ಒತ್ತಿ ತಳ್ಳಿದರೆ ಅದು ಸರಿಯುತ್ತದೆ. ಅಷ್ಟೇ ಅದರ ಗುಟ್ಟು. ಮುಂಬದಿ ಬೋಳಾಗಿ ಕಾಣುತ್ತದೆಂದು ಬಡಗಿ, ಮಗಳು ಬರೆದುಕೊಟ್ಟ ಎಂಟೆಸಳಿನ ಹೂವೊಂದನ್ನು ಅಲ್ಲಿ ಕೆತ್ತಿದ.

"ಒಳಗೆ ಒಂದು ಚೂರು ಬೆಲ್ಲ ಇಡಪ್ಪ. ತೆರೆದವರು ತಿನ್ನಲಿ. ಆದರೆ ಯಾರಿಗೂ ಹೇಳಿಕೊಡಬೇಡ" ಎಂದಳು ಮಗಳು.

ಪೆಟ್ಟಿಗೆಯ ಕೆಲಸ ಮುಗಿಯುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು.

ಬಡಗಿ ಅತ್ತದ್ದನ್ನು ಊರಿನವರು ನೋಡಲಿಲ್ಲ. ಕರ್ಮಗಳೆಲ್ಲ ಕಳೆದ ಮೇಲೆ ಪೆಟ್ಟಿಗೆ ಮುಗಿಸಿದ. ಮಗಳ ವರ್ಷದ ದಿನ ಬರುವುದರೊಳಗೆ ಯಾರಾದರೂ ಒಬ್ಬರು, ಹೇಳಿಸಿಕೊಳ್ಳದೆ, ಇದನ್ನು ತೆರೆದು ಬೆಲ್ಲ ತಿನ್ನಬೇಕು ಎಂದು ಮನಸ್ಸಿನಲ್ಲಿ ಹರಕೆ ಹೊತ್ತ. ಪ್ರತಿ ಬುಧವಾರ ಸಂತೆಯಲ್ಲಿ ಚಾಪೆ ಹಾಸಿ, ಪೆಟ್ಟಿಗೆ ಇಟ್ಟು, "ತೆರೆದು ನೋಡಿ, ಹೇಗಿದೆ ಹೇಳಿ" ಎಂದು ಹೋಗುವವರನ್ನು ಕರೆಯತೊಡಗಿದ. ಹರಕೆಯ ವಿಷಯ ಯಾರಿಗೂ ಹೇಳಲಿಲ್ಲ.

ಮೊದಲು ಬಂದವನು ಕುಂಬಾರ. ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ. ಹೂವನ್ನು ಒತ್ತಿದ. ಮತ್ತೆ ಒತ್ತಿದ. ಕೆಳಗಿಟ್ಟ.

"ಏನಾಚಾರ್ರೇ, ಬಾಗಿಲೇ ಇಲ್ಲದ ಮನೆ ಕಟ್ಟಿದ್ದೀರಲ್ಲ! ಒಳಗೆ ಯಾರನ್ನು ಕೂಡಿಹಾಕಿದ್ದೀರಿ?"

ಸುತ್ತ ನಿಂತವರು ನಕ್ಕರು. ಬಡಗಿ ಹಲ್ಲು ಕಚ್ಚಿಕೊಂಡು, "ಹೇಗಿದೆ ಹೇಳಿ" ಎಂದ.

"ತೆರೆದರಲ್ಲವೇ ಹೇಳೋದು?" ಎಂದು ಕುಂಬಾರ ಎದ್ದು ಹೋದ.

ಉಳಿದವರು ತೆರೆಯದೆಯೂ ಹೇಳಿದರು. ಬಳೆಗಾರ, ಕೆಂಪು ಬಣ್ಣ ಹೊಡೆದರೆ ಕಳೆ ಬರುತ್ತದೆ ಎಂದ. ಬಡಗಿ ಕೆಂಪು ಬಣ್ಣ ಹೊಡೆದ. ವರ್ತಕನೊಬ್ಬ, ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಕಾಲು ಇಟ್ಟರೆ ಚೆನ್ನ ಎಂದ. ಬಡಗಿ ಬಣ್ಣ ಕೆರೆದು ನಾಲ್ಕು ಕಾಲು ಇಟ್ಟ. ಮುಂದಿನ ವಾರ ಅದೇ ವರ್ತಕ ಬಂದು, "ಇದೇನು, ಪೆಟ್ಟಿಗೆಗೆ ಕಾಲು?" ಎಂದು ಕೇಳಿದ. ಬಡಗಿ ಕಾಲು ಕೊಯ್ದ. ಒಬ್ಬ ಮುದುಕ ಬಹಳ ಹೊತ್ತು ತಿಣುಕಾಡಿ, "ಇದಕ್ಕೊಂದು ಬೀಗ ಹಾಕು. ಕೀಲಿಕೈ ನನ್ನ ಕೈಗೆ ಕೊಡು. ಹೇಗೆ ತೆರೆಯುತ್ತೇನೆ ನೋಡು!" ಎಂದ.

ಊರಿನ ದೊಡ್ಡ ಮನುಷ್ಯರೊಬ್ಬರು ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. ನಿಂತಲ್ಲಿಂದಲೇ, "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಮುಂದೆ ಹೋದರು. ಗೇಲಿ ಮಾಡಿದವರ ಮೇಲೆ ಬರದ ಸಿಟ್ಟು ಬಡಗಿಗೆ ಇವರ ಮೇಲೆ ಬಂತು.

ಸಂತೆ ಚದುರುವಾಗ ಅವನು ಎರಡು ಕೆಲಸ ಮಾಡುತ್ತಿದ್ದ. ತಾನೇ ಪೆಟ್ಟಿಗೆ ತೆರೆದು ಬೆವರಿದ ಬೆಲ್ಲವನ್ನು ತೆಗೆದು ಇರುವೆಗಳಿಗೆ ಹಾಕುತ್ತಿದ್ದ. ಆಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಪೆಟ್ಟಿಗೆಯನ್ನು ಕನ್ನಡಿಯ ಹಾಗೆ ಒರೆಸುತ್ತಿದ್ದ. ಪರರ ಕೈಕೊಳೆ ಹೊತ್ತ ಮರ ಮನೆಯೊಳಗೆ ಬರಬಾರದು ಎಂದು ಅವನ ತಂದೆ ಕಲಿಸಿದ್ದರು. ಅವರ ಮನೆಯಲ್ಲಿ ಮೂರು ತಲೆಮಾರು ಈ ನಿಯಮ ತಪ್ಪಿರಲಿಲ್ಲ.

ಹೀಗೆ ತಿಂಗಳುಗಳು ಕಳೆದವು. ಒಂದು ಬುಧವಾರ ಸಂತೆ ಮುಗಿದಾಗ ಮಗಳ ವರ್ಷದ ದಿನಕ್ಕೆ ಇನ್ನು ಎರಡೇ ಸಂತೆ ಉಳಿದಿದ್ದವು. ಆ ಸಂಜೆ ಬಡಗಿ ಎಣ್ಣೆಬಟ್ಟೆಯಿಂದ ಪೆಟ್ಟಿಗೆಯನ್ನು ಎಷ್ಟು ಸಿಟ್ಟಿನಿಂದ ಉಜ್ಜುತ್ತಿದ್ದನೆಂದರೆ, ಬಟ್ಟೆಯ ಗಂಟು ಹೊತ್ತು ಮನೆಗೆ ಹೊರಟಿದ್ದ ಮಡಿವಾಳರ ಹೆಂಗಸೊಬ್ಬಳು ನಿಂತು ನೋಡಿದಳು.

"ಅಣ್ಣಾ, ಅದರ ಚರ್ಮ ಸುಲಿಯುತ್ತಿದ್ದೀರಾ?"

"ನೂರು ಕೈಯ ಕೊಳೆ, ತಾಯಿ. ತೆರೆಯಲು ಒಬ್ಬರಿಗೂ ಬರುವುದಿಲ್ಲ. ಹೊಲಸು ಮಾಡಲು ಎಲ್ಲರಿಗೂ ಬರುತ್ತದೆ."

"ಉಜ್ಜುವ ಮುಂಚೆ ನೋಡಿದಿರಾ?"

"ಕೊಳೆಯಲ್ಲಿ ನೋಡುವುದೇನಿದೆ?"

ಅವಳು ಗಂಟನ್ನು ಕೆಳಗಿಳಿಸಿ ನಕ್ಕಳು. "ನಾನು ಕೊಳೆ ನೋಡದೆ ಒಂದು ಬಟ್ಟೆಯನ್ನೂ ನೀರಿಗೆ ಹಾಕುವುದಿಲ್ಲ. ನಮ್ಮೂರ ಯಜಮಾನರು ದಿನಾ ದೇವರಿಗೆ ಅಡ್ಡಬೀಳುತ್ತೇನೆ ಅಂತಾರೆ. ಅವರ ಪಂಚೆಯ ಮಂಡಿ ಇವತ್ತಿನವರೆಗೆ ಮಣ್ಣಾಗಿಲ್ಲ. ಪೂಜಾರಿಗೆ ಗೊತ್ತಿಲ್ಲ. ನನಗೆ ಗೊತ್ತು."

ಬಡಗಿಗೆ ಇನ್ನಷ್ಟು ರೇಗಿತು. ಬಟ್ಟೆ ಒಗೆಯುವವಳಿಂದ ಮರದ ಕೆಲಸ ಕಲಿಯಬೇಕೇ ಎಂದು ಗೊಣಗಿಕೊಂಡು ಪೂರ್ತಿ ಒರೆಸಿಯೇ ಮನೆಗೆ ಹೋದ. ಆದರೆ ಬೀಗವೊಂದನ್ನು ಬಿಟ್ಟು ಊರಿನವರು ಹೇಳಿದ್ದನ್ನೆಲ್ಲ ಆಗಲೇ ಮಾಡಿ ಮುಗಿಸಿದ್ದ. ಮಾಡದೆ ಉಳಿದದ್ದು ಇದೊಂದೇ.

ಮುಂದಿನ ಬುಧವಾರ ಎಣ್ಣೆಬಟ್ಟೆಯನ್ನು ಚೀಲದಲ್ಲೇ ಬಿಟ್ಟ. ಸಂತೆ ಮುಗಿದ ಮೇಲೆ ಪೆಟ್ಟಿಗೆಯನ್ನು ಹೊಸ್ತಿಲ ಹೊರಗೆ, ಬೆಳಕಿರುವಾಗಲೇ, ಮಂಡಿಯ ಮೇಲಿಟ್ಟುಕೊಂಡು ನೋಡಿದ.

ಹೂವಿನ ಎಂಟೆಸಳೂ ಕಪ್ಪಾಗಿದ್ದವು. ಅಲ್ಲಿ ಕುಂಬಾರನ ಜೇಡಿಯಿತ್ತು, ಎಲೆಯಡಿಕೆ ಹಾಕುವವರ ಸುಣ್ಣವಿತ್ತು, ಅರಿಸಿನ ಮಾರುವವಳ ಹೆಬ್ಬೆರಳು ಅಚ್ಚೊತ್ತಿದ ಹಾಗಿತ್ತು. ಬಂದವರೆಲ್ಲ ಹೂವನ್ನೇ ಒತ್ತಿದ್ದರು. ಹೂವು ಒತ್ತಲೆಂದೇ ಇದೆ ಎಂದುಕೊಂಡಿದ್ದರು. ಪೆಟ್ಟಿಗೆಯ ಅಂಚುಗಳಲ್ಲಿ ಅಲ್ಲಲ್ಲಿ ಉಗುರಿನ ಗೀರುಗಳಿದ್ದವು. ತಿರುಗಿಸಿ ಬೆನ್ನು ನೋಡಿದ. ಹಿಂಬದಿಯ ಹಲಗೆ ಆಗ ತಾನೇ ಉಜ್ಜುಗೊರಡು ಹಾಯಿಸಿದ ಹಾಗಿತ್ತು. ಸಂತೆಗೆ ಬಂದವರ ಒಂದು ಬೆರಳಿನ ಗುರುತೂ ಇರಲಿಲ್ಲ.

ಎಷ್ಟು ಬುಧವಾರ ಒರೆಸಿದ್ದೇನೆ ಎಂದು ಎಣಿಸಿದ. ನಲವತ್ತೊಂದು.

ಹೂವು ಅಲ್ಲಿರಬಾರದು ಎಂದು ಆ ಗಳಿಗೆಯಲ್ಲೇ ತಿಳಿಯಿತು. ಆದರೆ ಹೂವು ಮಗಳು ಬರೆದದ್ದು. ಉಳಿ ಹಿಡಿದು ಎರಡು ದಿನ ಸುಮ್ಮನೆ ಕೂತ. ಮೂರನೆಯ ದಿನ ಹೂವನ್ನು ಒಂದೆಸಳೂ ಮುರಿಯದಂತೆ ತೆಳುವಾಗಿ ಎಬ್ಬಿಸಿ ತೆಗೆದ. ಹಿಂಬದಿಯ ಹಲಗೆಯಲ್ಲಿ ಅದರ ಅಳತೆಗೆ ತಗ್ಗು ಕೊರೆದು ಕೂಡಿಸಿದ. ಮುಂಬದಿ ಬೋಳಾಯಿತು. ಬೋಳಾಗಿಯೇ ಬಿಟ್ಟ.

ಕೊನೆಯ ಬುಧವಾರ ಬಂತು. ಮಗಳ ವರ್ಷದ ದಿನ ಶುಕ್ರವಾರವಿತ್ತು.

ಕುಂಬಾರ ದೂರದಿಂದಲೇ ಕೂಗಿದ. "ಆಚಾರ್ರೇ, ಈ ವಾರವಾದರೂ ಬಾಗಿಲು ಇಟ್ಟಿರಾ, ಇಲ್ಲವಾ?"

ಬಡಗಿ ಈ ಸಲ ಹೇಗಿದೆ ಎಂದು ಕೇಳಲಿಲ್ಲ. ಪೆಟ್ಟಿಗೆಯನ್ನು ಮುಂದಕ್ಕೆ ಸರಿಸಿದ.

ಕುಂಬಾರ ಎತ್ತಿಕೊಂಡ. ಬೋಳು ಮುಖವನ್ನು ನೋಡಿ, "ಹೂವು ಎಲ್ಲಿ ಹೋಯಿತು?" ಎಂದು ಪೆಟ್ಟಿಗೆಯನ್ನು ತಿರುಗಿಸಿದ. ಬೆನ್ನಿನ ಮೇಲೆ ಹೂವು ಕಂಡಿತು. ಹೆಬ್ಬೆರಳಿನಿಂದ ಒತ್ತಿದ. ಅಲುಗಲಿಲ್ಲ. ಬಲ ಹಾಕಿ ಒತ್ತಲು ಪೆಟ್ಟಿಗೆಯನ್ನು ತೊಡೆಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿದ. ಒಳಗೆ ಟಕ್ಕೆಂದಿತು. ಒತ್ತಿ ತಳ್ಳಿದ. ಹಲಗೆ ಸರಿಯಿತು.

ಒಳಗೆ ಬೆಲ್ಲವಿತ್ತು. ಕುಂಬಾರ ಅದನ್ನು ಬಾಯಿಗೆ ಹಾಕಿಕೊಂಡು ಚೀಪಿದ.

"ಇಷ್ಟೇನಾ?" ಎಂದ. "ಈ ಚೂರು ಬೆಲ್ಲಕ್ಕಾ ವರ್ಷವಿಡೀ ನಮ್ಮನ್ನು ಸತಾಯಿಸಿದ್ದು?"

"ಇಷ್ಟೇ" ಎಂದ ಬಡಗಿ.

ಹಳೆಯ ಬಡಗಿಯಾಗಿದ್ದರೆ ಆ ಮಾತಿಗೆ ನೊಂದುಕೊಂಡು ಮನೆಗೆ ಹೋಗಿ ಬೆಲ್ಲದ ಚೂರನ್ನು ದೊಡ್ಡದು ಮಾಡುತ್ತಿದ್ದ. ಈಗ ಅವನು ಕುಂಬಾರನ ಬಾಯಿ ಬಿಟ್ಟು ಕೈ ನೋಡಿದ. ಕೈ ಹಲಗೆಯನ್ನು ಮುಚ್ಚುತ್ತಿತ್ತು. ಮತ್ತೆ ತೆರೆಯುತ್ತಿತ್ತು. ಮತ್ತೆ ಮುಚ್ಚುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹಾಳೆಗಳನ್ನು ಎತ್ತಿಕೊಂಡು ಬೇಸರದಿಂದಲೇ ಹೇಳಿದ: "ಕತೆ ಚೆನ್ನಾಗಿದೆ, ಗುರುಗಳೇ. ಆದರೆ ನನ್ನದು ಮರದ ಕೆಲಸವಲ್ಲ. ಜನರ ಕೈಕೊಳೆ ಹತ್ತಲು ನನ್ನ ಹತ್ತಿರ ಪೆಟ್ಟಿಗೆಯೂ ಇಲ್ಲ, ಹೂವೂ ಇಲ್ಲ."

"ಎಣ್ಣೆಬಟ್ಟೆ ಇದೆಯಲ್ಲ" ಎಂದರು ಗುರುಗಳು.

ಶಿಷ್ಯ ಹಾಳೆಗಳನ್ನು ಕೆಳಗಿಟ್ಟು, ಫೋನು ತೆಗೆದು, ಆ ಸಂಜೆ ಅಳಿಸಬೇಕಿದ್ದ ದಾಖಲೆಯನ್ನು ಮೊದಲ ಸಾಲಿನಿಂದ ಓದತೊಡಗಿದ.