ಗೋಸುಂಬೆ ಸೈಟು ಸುಧಾರಿಸಿದ್ದು

ವೆಬ್‌ಸೈಟ್ ಕಟ್ಟುವ ಪ್ರೋಗ್ರಾಮರುಗಳಿಗೆ ಪಾಠ ಹೇಳಿಕೊಡುವ ವೆಬ್‌ಸೈಟೊಂದನ್ನು ಗೋಸುಂಬೆ ನಡೆಸುತ್ತಿತ್ತು. ಯಾರಿಗೆ ಕೋಡ್ ಬೇಕಾದರೂ ಅಲ್ಲಿಂದ ನಕಲು ಹೊಡೆದು ಅಂಟಿಸುವುದೇ ಕಾಡಿನ ಪದ್ಧತಿ. ಓದುವ ಕರ್ಮ ಯಾರಿಗೆ ಬೇಕು?

ಒಂದು ಬೆಳಿಗ್ಗೆ ಗೀಜಗ ಹಕ್ಕಿ ಹಾರಿ ಬಂತು.

"ಗೋಸುಂಬೆಯಣ್ಣಾ, ಅಳಿಲಮ್ಮನ ಕಡಲೆಕಾಯಿ ಅಂಗಡಿಗೆ ಸೈಟು ಕಟ್ಟಿದ್ದೇನೆ. ಆರ್ಡರ್ ಬಟನ್ ಮಾಡಿದ್ದು ನಿಮ್ಮ ಪಾಠ ನೋಡಿಯೇ. ಒತ್ತಿದರೆ ಸತ್ತ ಹಾಗೆ ಬಿದ್ದಿದೆ. ಪಾಠದಲ್ಲೇ ಯಾವುದೋ ಸಾಲು ತಪ್ಪಿದೆ, ತಿದ್ದಿಕೊಡಿ. ಸಂಜೆಯೊಳಗೆ ಸರಿಯಾಗದಿದ್ದರೆ ಅಳಿಲಮ್ಮ ಕೆಲಸವನ್ನ ಕಾಗೆಗೆ ಕೊಡ್ತಾಳಂತೆ."

"ಇವತ್ತಾಗಲ್ಲ ತಮ್ಮಾ, ಸೈಟು ಸುಧಾರಿಸ್ತಾ ಇದ್ದೀನಿ. ನಿನ್ನೆ ಹಸಿರಿತ್ತು, ಇವತ್ತು ಹಳದಿ. ಹೇಗಿದೆ?"

"ಚೆಂದ ಇದೆ. ಆ ಸಾಲು?"

"ಸಾಲು ಯಾರು ನೋಡ್ತಾರೋ? ಮೂಲೆಯಲ್ಲಿ ಮಿಂಚುಹುಳ ಹಾರಿಸಿದ್ದೀನಿ, ಅದನ್ನ ನೋಡು!"

ಗೀಜಗ ಕೊಂಬೆಯ ಮೇಲೆ ಕೂತು, ಕೆಟ್ಟ ಗೂಡು ಬಿಚ್ಚಿದ ಹಾಗೆ ಒಂದೊಂದೇ ಸಾಲು ಬಿಚ್ಚಿ ನೋಡಿ, ತಪ್ಪನ್ನು ತಾನೇ ಹಿಡಿಯಿತು. ಸಂಜೆಯೊಳಗೆ ಕಡಲೆಕಾಯಿ ಮಾರಾಟ ಶುರುವಾಯಿತು.

ಅದೇ ಸಂಜೆ ಗೋಸುಂಬೆಯ ಹೊಸ ಸೈಟೂ ತೆರೆಯಿತು. ನಟ್ಟನಡುವೆ "ಶಭಾಷ್ ಹೇಳಿ" ಎಂಬ ದೊಡ್ಡ ಬಟನ್. ಕಾಡಿಗೆ ಕಾಡೇ ಸೇರಿ ಒತ್ತಿತು. ಒಂದು ಶಭಾಷೂ ಬರಲಿಲ್ಲ. ಆ ಬಟನ್ನಿನ ಕೋಡನ್ನು ಗೋಸುಂಬೆ ತನ್ನದೇ ಪಾಠದಿಂದ ನಕಲು ಹೊಡೆದಿತ್ತು.

"ಗೀಜಗಣ್ಣಾ, ಆ ಸಾಲು ಯಾವುದು, ಸ್ವಲ್ಪ ಹೇಳಪ್ಪಾ!" ಎಂದು ಗೋಸುಂಬೆ ಕೆಂಪಾಗಿ ಕೂಗಿತು.

"ಸಾಲು ಯಾರಣ್ಣಾ ನೋಡ್ತಾರೆ? ಈ ಕೆಂಪು ನಿಮಗೆ ಚೆನ್ನಾಗಿ ಒಪ್ಪುತ್ತೆ, ಇದನ್ನೇ ಇಟ್ಕೊಳ್ಳಿ" ಎಂದು ಗೀಜಗ ಹಾರಿಹೋಯಿತು.