ಮೂರನೆಯ ಇಂಜೆಕ್ಟರ್

ಹೊಳೆದಂಡೆಯ ಸಣ್ಣ ಮಠವೊಂದರಲ್ಲಿ ಸಿದ್ಧವೀರ ಸ್ವಾಮಿಗಳು ಇದ್ದರು. ತುಂಬ ವಯಸ್ಸಾಗಿತ್ತು. ಅವರ ಶಿಷ್ಯ ನಿಜಗುಣ ಮಠಕ್ಕೆ ಬರುವ ಮೊದಲು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದವನು. ಮಠದ ಪಿಕಪ್ ಗಾಡಿ ಅವನ ಸುಪರ್ದಿಯಲ್ಲಿತ್ತು.

ದಿನವೂ ಮಧ್ಯಾಹ್ನ ಅವನು ಗಾಡಿಗೆ ಅನ್ನ, ಸಾರು ಏರಿಸಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದ. ರೋಗಿಗಳ ಜೊತೆ ಬಂದು ವರಾಂಡದಲ್ಲಿ ದಿನ ಕಳೆಯುವವರಿಗೆ ಅದೇ ಊಟ.

ಆ ಗಾಡಿ ಕೆಟ್ಟಿತು. ಓಡುವಾಗ ಏನೂ ಇಲ್ಲ. ನಿಂತರೆ ನಡುಕ.

ಒಮ್ಮೆ ರೈಲ್ವೆ ಗೇಟಿನ ಮುಂದೆ ನಿಂತಾಗ ನಡುಗಿ ನಡುಗಿ ಆಫ್ ಆಗಿಬಿಟ್ಟಿತು. ಮತ್ತೆ ಸ್ಟಾರ್ಟ್ ಆಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಸ್ಪತ್ರೆಯಲ್ಲಿ ಕಾದವರು ಕಾದು ಸುಸ್ತಾಗಿ, ಬನ್ನು ತಿಂದು ನೀರು ಕುಡಿದು ಒರಗಿದ್ದರು. ಒಬ್ಬ ಮುದುಕಿ ಮಾತ್ರ ತಟ್ಟೆ ಹಿಡಿದು ಬಾಗಿಲಲ್ಲೇ ಕೂತಿದ್ದಳು.

"ಇವತ್ತು ಬರಲ್ವೇನೋ ಅನ್ಕೊಂಡೆ ಕಣಪ್ಪ" ಎಂದಳು.

ಆ ಮಾತು ನಿಜಗುಣನನ್ನು ಕೊರೆಯತೊಡಗಿತು.

ಡೀಸೆಲ್ ಫಿಲ್ಟರ್ ಬದಲಿಸಿದ. ನೋಡಿದವರೆಲ್ಲ "ಟರ್ಬೊದೇ ತೊಂದರೆ" ಎಂದರು. ಎಂಜಿನ್‌ಗೆ ಗಾಳಿ ಒತ್ತುವ ಆ ಟರ್ಬೊದ ಪೈಪುಗಳನ್ನು ಬಿಚ್ಚಿ, ಎಲ್ಲಾದರೂ ಸೀಳಿದೆಯೇ ಎಂದು ತಡವಿ ನೋಡಿ, ಮತ್ತೆ ಬಿಗಿದ. ನಡುಕ ಹೋಗಲಿಲ್ಲ. ಬೆಳಿಗ್ಗೆ ಬಿಚ್ಚುವುದು, ಮಧ್ಯಾಹ್ನ ಜೋಡಿಸಿ ಓಡಿಸುವುದು, ಸಂಜೆ ಮತ್ತೆ ಬಿಚ್ಚುವುದು. ಇದೇ ಆಯಿತು.

ಒಂದು ದಿನ ಸ್ವಾಮಿಗಳು ಬಂದು ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ಕೂತರು.

"ಏನಾಯ್ತು ನಿಜಗುಣ?"

"ಸಾಕಾಯ್ತು ಬುದ್ಧಿ."

"ನನಗೂ" ಎಂದರು ಸ್ವಾಮಿಗಳು.

ಅಷ್ಟರಲ್ಲಿ ಅಡುಗೆಯ ದೇವೀರಮ್ಮ ಬಂದಳು. "ಬುದ್ಧಿ, ಇವತ್ತು ಬೇಳೆ ಸಾರು ಮಾಡ್ಲೋ, ಸೊಪ್ಪಿನ ಸಾರು ಮಾಡ್ಲೋ?"

"ಸೊಪ್ಪು ಮಾಡು ತಾಯಿ."

ಆಕೆಯ ಹಿಂದೆಯೇ ಕೊಟ್ಟಿಗೆಯ ಬೋಳಯ್ಯ ಬಂದ. "ಬುದ್ಧಿ, ಕರೂನ ಬಿಸಿಲಿಗೆ ಕಟ್ಲೋ, ನೆಳ್ಳಿಗೆ ಕಟ್ಲೋ?"

"ನೆರಳಿಗೆ ಕಟ್ಟಪ್ಪ."

ಅವನೂ ಹೋದ. ಸ್ವಾಮಿಗಳು ಕಣ್ಣು ಮುಚ್ಚಿದರು.

"ಬುದ್ಧಿ" ಎಂದ ನಿಜಗುಣ. "ಇಂಜೆಕ್ಟರ್ ನೋಡಲೋ ಬೇಡವೋ?"

"ಇಂಜೆಕ್ಟರ್ ಅಂದರೆ?"

"ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋದು ಬುದ್ಧಿ. ನಾಲ್ಕಿವೆ."

"ಅದೇನು ಅಂತಲೇ ತಿಳಿಯದವನನ್ನ, ನೋಡಲೋ ಬೇಡವೋ ಅಂತ ಕೇಳ್ತೀಯಲ್ಲ."

ನಿಜಗುಣ ತಲೆ ತಗ್ಗಿಸಿದ.

"ಕೆಟ್ಟಿರೋದು ಯಾವುದು ಅಂತ ಹೇಗೆ ತಿಳಿಯುತ್ತೆ?"

"ಗಾಡಿ ಸ್ಟಾರ್ಟ್‌ನಲ್ಲೇ ಇಟ್ಟು ಒಂದೊಂದರ ವೈರು ತೆಗೆದು ನೋಡೋದು. ತೆಗೆದಾಗ ನಡುಕ ಜಾಸ್ತಿಯಾದರೆ ಅದು ದುಡೀತಿದೆ ಅಂತ ಅರ್ಥ. ತೆಗೆದರೂ ಸದ್ದು ಹಾಗೇ ಇದ್ದರೆ ಅದೇ ಕೆಟ್ಟಿರೋದು."

"ಓಡುವಾಗ ಯಾಕೆ ಗೊತ್ತಾಗಲ್ಲ?"

"ಓಡುವಾಗ ಟರ್ಬೊ ಗಾಳಿ ಒತ್ತುತ್ತೆ, ಉಳಿದ ಮೂರು ಎಳ್ಕೊಂಡು ಹೋಗ್ತವೆ. ನಿಂತಾಗಲೇ ಗೊತ್ತಾಗೋದು ಬುದ್ಧಿ."

"ತೆಗೆದು ನೋಡು."

ನಿಜಗುಣ ಗಾಡಿ ಸ್ಟಾರ್ಟ್ ಮಾಡಿದ. ಮೊದಲನೆಯದರ ವೈರು ತೆಗೆದ. ಗಾಡಿ ತತ್ತರಿಸಿತು. ಹಾಕಿದ. ಎರಡನೆಯದು ತೆಗೆದ. ಇನ್ನೇನು ನಿಂತೇಹೋಗುವಂತಾಯಿತು. ಹಾಕಿದ. ಮೂರನೆಯದು ತೆಗೆದ.

ಸದ್ದು ಬದಲಾಗಲಿಲ್ಲ.

ಹಾಕಿ, ಮತ್ತೆ ತೆಗೆದ. ಬದಲಾಗಲಿಲ್ಲ.

"ಇದೇ ಬುದ್ಧಿ."

ಸ್ವಾಮಿಗಳು ನಡುಗುತ್ತಿದ್ದ ಗಾಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು:

"ನಾಳೆ ನಾನು ಆಚೆ ದಡಕ್ಕೆ ಹೋಗ್ತೀನಿ. ಸಂಜೆ ಬರ್ತೀನಿ."

"ಯಾಕೆ ಬುದ್ಧಿ?"

"ಸುಮ್ಮನೆ."

"ಇದನ್ನ ರಿಪೇರಿ ಮಾಡಿಸಲೋ, ಹೊಸದೇ ತರಲೋ?"

ಸ್ವಾಮಿಗಳು ಮೊಣಕಾಲು ಹಿಡಿದುಕೊಂಡು ಎದ್ದರು. ತಮ್ಮ ಕೋಣೆಯ ಕಡೆ ನಡೆದರು.

ಮರುದಿನ ಬೆಳಿಗ್ಗೆ ನಿಜಗುಣ ಅಭ್ಯಾಸಬಲದಿಂದ ಅವರ ಕೋಣೆಯ ಬಾಗಿಲಿಗೆ ಹೋದ. ಒಳಗೆ ಯಾರೂ ಇಲ್ಲ. ದೇವೀರಮ್ಮನೂ ಬಂದು, ಇಣುಕಿ ನೋಡಿ, ಸೆರಗು ಸಿಕ್ಕಿಸಿಕೊಂಡು ವಾಪಸು ಹೋದಳು.

ಅವನಿಗೆ ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಹೋಗಬೇಕಿತ್ತೇ ಇವರು?

ಸಿಟ್ಟಿನಲ್ಲೇ ಸ್ಪ್ಯಾನರ್ ಹಿಡಿದ. ಮೂರನೆಯ ಇಂಜೆಕ್ಟರನ್ನು ಹೊರಗೆ ತೆಗೆದು, ಬಟ್ಟೆಯಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೇ ಪೇಟೆಗೆ ಹೋದ. ರಿಪೇರಿ ಅಂಗಡಿಯ ಮೆಷಿನ್ನಿಗೆ ಹಾಕಿ ನೋಡಿದರೆ ಡೀಸೆಲ್ ಮಂಜಿನಂತೆ ಚಿಮ್ಮುವ ಬದಲು ತೊಟ್ಟಿಕ್ಕುತ್ತಿತ್ತು.

"ತುದಿ ಸವೆದಿದೆ. ಏನು ಮಾಡೋಣ?" ಎಂದ ಅಂಗಡಿಯವನು.

ಕೇಳಿಬರುತ್ತೇನೆ ಎನ್ನಲು ನಿಜಗುಣ ಬಾಯಿ ತೆರೆದ. ಯಾರನ್ನು ಕೇಳುವುದು?

"ತುದಿ ಹೊಸದು ಹಾಕಿ" ಎಂದ.

ಮಧ್ಯಾಹ್ನದೊಳಗೆ ವಾಪಸು ಬಂದು ಕೂರಿಸಿದ. ಸ್ಟಾರ್ಟ್ ಮಾಡಿದ. ನಡುಕವಿಲ್ಲ. ಅನ್ನ, ಸಾರು ಏರಿಸಿಕೊಂಡು ಹೊರಟ. ರೈಲ್ವೆ ಗೇಟು ಹಾಕಿತ್ತು. ಉದ್ದದ ಗೂಡ್ಸ್ ಗಾಡಿ ದಾಟುವವರೆಗೂ ಎಂಜಿನ್ ಒಂದೇ ಸಮನೆ ಉಸಿರಾಡುತ್ತಿತ್ತು. ನಿಜಗುಣ ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಹಿಂದಿನವರು ಹಾರ್ನ್ ಹೊಡೆದಾಗಲೇ ತಲೆ ಎತ್ತಿದ್ದು.

ಆಸ್ಪತ್ರೆಯ ಬಾಗಿಲಲ್ಲಿ ಮುದುಕಿ ಕೂತಿದ್ದ ಜಾಗದಲ್ಲಿ ಬೇರೆ ಯಾರೋ ಇದ್ದರು. ಅವರ ತಟ್ಟೆಗೆ ಬಡಿಸಿದ.

ಸಂಜೆ ದೋಣಿ ಬಂತು. ನಿಜಗುಣ ನೀರಿಗಿಳಿದು ಕೈ ಕೊಟ್ಟ.

"ಮಠ ಹೇಗಿತ್ತು?" ಎಂದರು ಸ್ವಾಮಿಗಳು.

"ನೀವಿಲ್ಲದೆ ಬಿಕೋ ಅಂತಿತ್ತು ಬುದ್ಧಿ."

"ಪೂಜೆ?"

"ಆಯ್ತು."

"ಏನು ಸಾರು?"

"ಹುರುಳಿ ಸಾರು. ದೇವೀರಮ್ಮನೇ ಯೋಚಿಸಿ ಮಾಡಿದರು."

"ಕರು?"

"ಬೋಳಯ್ಯ ಬೆಳಿಗ್ಗೆ ಬಿಸಿಲಿಗೆ ಕಟ್ಟಿದ. ಹೊತ್ತೇರಿದ ಮೇಲೆ ನೆರಳಿಗೆ ಹಾಕಿದ."

"ಗಾಡಿ?"

"ಸರಿಹೋಯ್ತು ಬುದ್ಧಿ. ಊಟ ಹೊತ್ತಿಗೆ ಸರಿಯಾಗಿ ತಲುಪಿತು."

"ಯಾರನ್ನ ಕೇಳಿ ಮಾಡಿದೆ?"

"ಯಾರನ್ನೂ ಕೇಳಲಿಲ್ಲ."

"ಹಾಗಾದರೆ ಬಿಕೋ ಅಂದಿದ್ದು ಯಾವುದು?"

ನಿಜಗುಣ ನೀರಿನಲ್ಲೇ ನಿಂತ. ಸುಳ್ಳು ಹೇಳಿದ್ದು ಅವನಿಗೇ ತಿಳಿಯಿತು.

"ಯಾವುದೂ ಇಲ್ಲ ಬುದ್ಧಿ. ಎಲ್ಲ ಎಂದಿನಂತೆ ನಡೀತು." ಹೇಳುತ್ತ ಹೇಳುತ್ತ ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಆದರೆ ತೆಗೆದರೂ ಸದ್ದು ಬದಲಾಗದಿದ್ದರೆ ಅದೇ ಕೆಟ್ಟಿರೋದು ಅಂತ ನಾನು ಹೇಳಿದ್ದು ಗಾಡಿಯ ಮಾತು. ನಿಮಗೆ ಹೇಳಿದ್ದಲ್ಲ."

ಸ್ವಾಮಿಗಳು ನಕ್ಕರು. ಅವರು ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಶಿಷ್ಯನ ಹೆಗಲು ಹಿಡಿದು, ನಡುನಡುವೆ ನಿಂತು ಸುಧಾರಿಸಿಕೊಳ್ಳುತ್ತ, ಮೆಟ್ಟಿಲು ಹತ್ತಿ ತಮ್ಮ ಕೋಣೆಯ ಬಾಗಿಲಿಗೆ ಬಂದರು. ಹೊಸ್ತಿಲ ಮೇಲೆ ಒಮ್ಮೆ ತಿರುಗಿದರು.

"ನಾಳೆ ಬೆಳಿಗ್ಗೆ ನನ್ನನ್ನ ಎಬ್ಬಿಸಬೇಡ" ಎಂದರು.